ಟ್ರಯಲ್‌ಗೆ ಸಹಿ ಹಾಕಬೇಕೇ, ಬೇಡವೇ? ಕ್ಯಾನ್ಸರ್ ಟ್ರಯಲ್‌ಗಳ ಹಣ ಮತ್ತು ಲೆಕ್ಕ



ಕಳೆದ ತಿಂಗಳು ರಾತ್ರಿ ಹತ್ತೂವರೆಗೆ ಚಿಂಚವಾಡದಿಂದ ಒಂದು ಫೋನ್ ಬಂತು. ವಿಜಯಪುರದ ಕಡೆಯವರು, ಪುಣೆಗೆ ಬಂದು ಹದಿನೈದು ವರ್ಷವಾಗಿದೆ, ಕಂಪನಿ ಕೆಲಸ. ಅವರ ತಂದೆಗೆ ಸ್ಟೆಂಟ್ ಹಾಕಿದವನು ನಾನು, ಹಾಗಾಗಿ ಪರಿಚಯ. "ಡಾಕ್ಟರ್ ಸಾಹೇಬ್ರ, ನಮ್ಮವ್ವಗ ಎದಿ ಕ್ಯಾನ್ಸರ್ ಅಂತ ಗೊತ್ತಾಗೇದ. ಮುಂಬೈದಾಗ ತೋರಿಸೀವಿ. ಅಲ್ಲಿ ಹತ್ತು ಪಾನಿನ ಕಾಗದ ಕೊಟ್ಟು, ಟ್ರಯಲ್‌ದಾಗ ಸೇರ್ತೀರೇನು ವಿಚಾರ ಮಾಡಿ ಹೇಳ್ರಿ ಅಂದಾರ. ನಮ್ಮವ್ವನ ಮ್ಯಾಲೆ ಪ್ರಯೋಗ ಮಾಡ್ತಾರೇನ್ರಿ? ನಾವು ಬಡವರು ಅಂತ ಹಿಂಗ ಮಾಡ್ತಾರೇನು?"

ಇದೇ ಪ್ರಶ್ನೆಯನ್ನು ಹನ್ನೆರಡು ವರ್ಷದ ಹಿಂದೆ ನನ್ನ ಸೋದರತ್ತೆಯ ಮಗ ಧಾರವಾಡದಿಂದ ಕೇಳಿದ್ದ. ಆಗ ನಾನು ಕ್ಯಾಥ್‌ಲ್ಯಾಬ್‌ನಿಂದ ಹೊರಗೆ ಬರುತ್ತಿದ್ದೆ. ಕಾಗದ ನೋಡಲಿಲ್ಲ, ಏನು ಟ್ರಯಲ್ ಎಂದು ಕೇಳಲಿಲ್ಲ. "ಬೇಡ, ಸಹಿ ಮಾಡಬ್ಯಾಡ್ರಿ, ರೆಗ್ಯುಲರ್ ಟ್ರೀಟ್‌ಮೆಂಟ್ ತಗೋರಿ" ಎಂದುಬಿಟ್ಟೆ. ಮನೆಯಲ್ಲಿ ಡಾಕ್ಟರ್ ಹೇಳಿದ ಮೇಲೆ ಮುಗಿಯಿತು, ಯಾರೂ ಎರಡನೇ ಮಾತಾಡಲಿಲ್ಲ. ಅತ್ತೆ ಹೋದ ಮೇಲೆ ಒಮ್ಮೆ ಅವರ ಫೈಲ್ ತಿರುವಿ ಹಾಕುವಾಗ ಆ ಕಾಗದ ಸಿಕ್ಕಿತು. ಹೊಸ ಔಷಧಿಯೇ ಅಲ್ಲ. ಎರಡೂ ಬಳಕೆಯಲ್ಲಿದ್ದ ಚಿಕಿತ್ಸೆಗಳು, ಯಾವುದು ಮೇಲು ಎಂದು ನೋಡುವ ಟ್ರಯಲ್. ಸೇರಿದ್ದರೆ ಅವರು ಹೆಚ್ಚು ದಿನ ಇರುತ್ತಿದ್ದರು ಎಂದು ನಾನು ಹೇಳಲಾರೆ, ಅದು ಯಾರಿಗೂ ಗೊತ್ತಿಲ್ಲ. ಆದರೆ ಓದದೆ ಉತ್ತರ ಕೊಟ್ಟೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಈ ಲೇಖನ ಬರೆಯಲು ಅದೇ ಕಾರಣ.

ಹೃದಯದ ಡಾಕ್ಟರ್‌ಗೆ ಕ್ಯಾನ್ಸರ್ ಟ್ರಯಲ್ ಉಸಾಬರಿ ಯಾಕೆ ಎಂದು ಕೇಳುವವರಿಗೆ ಒಂದು ಉದಾಹರಣೆ. ಸ್ತನ ಕ್ಯಾನ್ಸರಿನಲ್ಲಿ ಹರ್2 ಎಂಬ ಒಂದು ಬಗೆ ಇದೆ. ಅದಕ್ಕೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಕೊಡುತ್ತಾರೆ, ಹರ್ಸೆಪ್ಟಿನ್ ಎಂಬ ಹೆಸರಿನಲ್ಲಿ ಮೊದಲು ಬಂದದ್ದು. ಮೂರು ವಾರಕ್ಕೊಂದರಂತೆ ಒಂದು ವರ್ಷ. ಒಳ್ಳೆಯ ಔಷಧಿ, ಸಾವಿರಾರು ಹೆಣ್ಣುಮಕ್ಕಳ ಜೀವ ಉಳಿಸಿದೆ. ಆದರೆ ಕೆಲವರಲ್ಲಿ ಹೃದಯದ ಪಂಪಿಂಗ್ ಶಕ್ತಿ ಕುಗ್ಗುತ್ತದೆ, ಆಗ ಅವರು ಎಕೋ ಮಾಡಿಸಲು ನಮ್ಮ ಹತ್ತಿರ ಬರುತ್ತಾರೆ. ಅವರ ಪ್ರಶ್ನೆ ಯಾವಾಗಲೂ ಒಂದೇ: "ಪೂರ್ತಿ ಒಂದು ವರ್ಷ ತಗೊಳ್ಳಲೇಬೇಕಾ ಡಾಕ್ಟ್ರೇ?"

ನ್ಯಾಯವಾದ ಪ್ರಶ್ನೆ. ಆರು ತಿಂಗಳಿಗೆ ಸಾಕಾಗುತ್ತದೆಯೇ ಎಂದು ಪರೀಕ್ಷೆ ಮಾಡಿ ನೋಡಬೇಕು. ಮಾಡುವವರು ಯಾರು? ಔಷಧ ಕಂಪನಿ ತನ್ನ ಮಾಲು ಅರ್ಧ ಸಾಕು ಎಂದು ಸಾಬೀತು ಮಾಡಲು ತನ್ನ ದುಡ್ಡು ಹಾಕುತ್ತದೆಯೇ? ಹಾಕುವುದಿಲ್ಲ. ಅದರಲ್ಲಿ ಕಂಪನಿಯನ್ನು ಬಯ್ಯುವಂಥದ್ದೂ ಇಲ್ಲ, ಯಾವ ಅಂಗಡಿಯವನೂ ಹಾಗೆ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಇದಕ್ಕೆ ಹಣ ಕೊಟ್ಟಿತು. 'ಪರ್ಸೆಫೋನಿ' ಎಂದು ಆ ಟ್ರಯಲ್‌ನ ಹೆಸರು. 152 ಕೇಂದ್ರಗಳು, 4,088 ಹೆಣ್ಣುಮಕ್ಕಳು. ಅರ್ಧ ಜನಕ್ಕೆ ಆರು ತಿಂಗಳು, ಅರ್ಧ ಜನಕ್ಕೆ ಹನ್ನೆರಡು ತಿಂಗಳು. 2019ರಲ್ಲಿ ಫಲಿತಾಂಶ ಬಂತು. ನಾಲ್ಕು ವರ್ಷಗಳ ನಂತರ ರೋಗ ಮರುಕಳಿಸದೆ ಇದ್ದವರು ಒಂದು ಕಡೆ ನೂರಕ್ಕೆ 89.4, ಇನ್ನೊಂದು ಕಡೆ 89.8. ಹೆಚ್ಚುಕಮ್ಮಿ ಒಂದೇ. ಹೃದಯದ ತೊಂದರೆಯಿಂದ ಔಷಧಿ ನಿಲ್ಲಿಸಬೇಕಾಗಿ ಬಂದವರು ಆರು ತಿಂಗಳ ಗುಂಪಿನಲ್ಲಿ ನೂರಕ್ಕೆ 3, ಹನ್ನೆರಡು ತಿಂಗಳ ಗುಂಪಿನಲ್ಲಿ 8.

ಇದನ್ನು ಓದಿ ಯಾರೂ ನಡುವೆ ಇಂಜೆಕ್ಷನ್ ಬಿಡಬೇಡಿ, ದಯವಿಟ್ಟು. ಇದೇ ಪ್ರಶ್ನೆ ಇಟ್ಟುಕೊಂಡು ಫ್ರಾನ್ಸ್ ನಡೆಸಿದ ಟ್ರಯಲ್‌ನಲ್ಲಿ ಇಷ್ಟು ಸ್ಪಷ್ಟ ಉತ್ತರ ಸಿಗಲಿಲ್ಲ, ಅದಕ್ಕೇ ಬಹಳ ಡಾಕ್ಟರುಗಳು ಇನ್ನೂ ಒಂದು ವರ್ಷವನ್ನೇ ಹಿಡಿದಿದ್ದಾರೆ. ಆದರೆ ಎಕೋದಲ್ಲಿ ಹೃದಯ ಸೋಲುತ್ತಿರುವುದು ಕಂಡು ಏಳು, ಎಂಟನೇ ತಿಂಗಳಲ್ಲಿ ನಿಲ್ಲಿಸಬೇಕಾಗಿ ಬಂದಾಗ, ಆ ತಾಯಿಗೆ ನಾವು ಈಗ ಹಿಂದಿಗಿಂತ ಹೆಚ್ಚು ಧೈರ್ಯ ಹೇಳಬಲ್ಲೆವು. ಆ ಧೈರ್ಯ ಬಂದದ್ದು ಯಾವುದೋ ದೇಶದ ಜನರ ತೆರಿಗೆ ಹಣದಿಂದ.

ಹೊಸ ಔಷಧಿಗೆ ಪೇಟೆಂಟ್ ಇರುತ್ತದೆ, ಲಾಭದ ಆಸೆ ಇರುತ್ತದೆ, ಹಾಗಾಗಿ ಅದರ ಟ್ರಯಲ್‌ಗೆ ಕಂಪನಿಯ ಹಣ ಸಿಗುತ್ತದೆ. ಹಳೆಯ ಅಗ್ಗದ ಮಾತ್ರೆ, ಕಡಿಮೆ ಡೋಸ್, ಕಡಿಮೆ ದಿನ, ಆಪರೇಶನ್ ಮಾಡುವ ರೀತಿ, ರೇಡಿಯೇಶನ್ (ನಮ್ಮ ಕಡೆ 'ಕರೆಂಟ್ ಕೊಡೋದು' ಅನ್ನುತ್ತಾರಲ್ಲ, ಅದು) ಎಷ್ಟು ದಿನ ಕೊಡಬೇಕು, ಇವಕ್ಕೆಲ್ಲ ಲಾಭ ಮಾಡುವ ಮಾಲೀಕನೇ ಇಲ್ಲ. ನಮ್ಮಂಥವರ ಮನೆಯ ಖರ್ಚು ನಿರ್ಧಾರವಾಗುವುದು ಮಾತ್ರ ಇಂಥ ಪ್ರಶ್ನೆಗಳ ಮೇಲೆಯೇ. ಇವಕ್ಕೆ ಸರ್ಕಾರವೋ ಧರ್ಮದತ್ತಿಯೋ ಹಣ ಕೊಡದಿದ್ದರೆ ಉತ್ತರ ಎಂದಿಗೂ ಸಿಗುವುದಿಲ್ಲ.

ನಮ್ಮ ದೇಶದಲ್ಲಿ ಇಂಥ ಕೆಲಸ ನಡೆದಿದೆ, ಅದೂ ನಮ್ಮ ಪಕ್ಕದಲ್ಲೇ. ಮುಂಬೈಯ ಪರೇಲದ ಟಾಟಾ ಮೆಮೋರಿಯಲ್ ಗೊತ್ತಿಲ್ಲದ ಕನ್ನಡ ಕುಟುಂಬ ಮುಂಬೈ, ಪುಣೆಯಲ್ಲಿ ಇರಲಿಕ್ಕಿಲ್ಲ. ಊರಿಂದ ಒಬ್ಬರಾದರೂ ಬಂದಿರುತ್ತಾರೆ, ನಮ್ಮ ಮನೆಯ ಹಾಲ್‌ನಲ್ಲಿ ಹಾಸಿಗೆ ಹಾಕಿಕೊಟ್ಟಿರುತ್ತೇವೆ. 'ಟಾಟಾ' ಎಂಬ ಹೆಸರು ನೋಡಿ ಅದು ಖಾಸಗಿ ಆಸ್ಪತ್ರೆ ಎಂದು ಎಷ್ಟೋ ಜನ ತಿಳಿದಿದ್ದಾರೆ. 1941ರಲ್ಲಿ ಟಾಟಾ ಟ್ರಸ್ಟ್ ಶುರು ಮಾಡಿದ್ದು ನಿಜ, ಆದರೆ 1962ರಿಂದ ಅದು ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಯ ಕೈಯಲ್ಲಿದೆ. ಅಣು ವಿದ್ಯುತ್ತಿನ ಇಲಾಖೆ ಕ್ಯಾನ್ಸರ್ ಆಸ್ಪತ್ರೆ ನಡೆಸುವುದು ವಿಚಿತ್ರ ಎನಿಸಬಹುದು. ಏನೇ ಇರಲಿ, ಹಣ ಮಾತ್ರ ನಮ್ಮೆಲ್ಲರದ್ದು.

ಅಲ್ಲಿ ನಡೆದ ಒಂದು ಟ್ರಯಲ್ ಬಾಯಿ ಕ್ಯಾನ್ಸರಿನದು. ಗುಟ್ಕಾ, ತಂಬಾಕಿನ ದೆಸೆಯಿಂದ ನಮ್ಮ ಉತ್ತರ ಕರ್ನಾಟಕದವರಿಗೆ ಇದು ಪರಿಚಿತ ಶತ್ರು. ಬಾಯಿಯ ಗಡ್ಡೆ ಚಿಕ್ಕದಿದ್ದು, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗದೆ ಇದ್ದಾಗ, ಬಾಯಿಯ ಜೊತೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೇ, ಅಥವಾ ಮುಂದೆ ಗಂಟು ಕಂಡರೆ ಆಗ ತೆಗೆದರಾಯಿತೇ? ಜಗತ್ತಿನ ದೊಡ್ಡ ದೊಡ್ಡ ಸರ್ಜನ್‌ಗಳು ದಶಕಗಟ್ಟಲೆ ಇದರ ಮೇಲೆ ವಾದ ಮಾಡಿದರು. ಟಾಟಾ ಆಸ್ಪತ್ರೆಯವರು 2004ರಿಂದ ಹತ್ತು ವರ್ಷ ರೋಗಿಗಳನ್ನು ಸೇರಿಸಿಕೊಂಡು, 500 ಜನರ ಲೆಕ್ಕವನ್ನು 2015ರಲ್ಲಿ ಪ್ರಕಟಿಸಿದರು. ಮೊದಲೇ ಕುತ್ತಿಗೆಯ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ನೂರಕ್ಕೆ 80. ಕಾದು ನೋಡಿದವರಲ್ಲಿ 67.5. ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ನಿಮ್ಮ ಕಾಕಾನೋ ಮಾಮನೋ ಇವತ್ತು ಹುಬ್ಬಳ್ಳಿಯಲ್ಲೋ ಸೊಲ್ಲಾಪುರದಲ್ಲೋ ಈ ಆಪರೇಶನ್ ಮಾಡಿಸಿಕೊಂಡು, "ಕುತ್ತಿಗೆ ಯಾಕೆ ಕೊಯ್ದರು, ಅಲ್ಲಿ ಏನೂ ಇರಲಿಲ್ಲವಲ್ಲ" ಎಂದು ಗೊಣಗಿದರೆ, ಉತ್ತರ ಆ 500 ಜನರ ಹತ್ತಿರ ಇದೆ.

ಆ ಟ್ರಯಲ್ ಒಂದೇ ಆಸ್ಪತ್ರೆಯಲ್ಲಿ ಆಗಲು ಕಾರಣ ಅಲ್ಲಿನ ಜನಸಂದಣಿ, ಮತ್ತು ವ್ಯತ್ಯಾಸ ದೊಡ್ಡದಾಗಿದ್ದದ್ದು. ವ್ಯತ್ಯಾಸ ಚಿಕ್ಕದಿದ್ದರೆ ಒಂದು ಆಸ್ಪತ್ರೆಗೆ ನಿಭಾಯಿಸುವುದು ಕಷ್ಟ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಸಲ ರಾಜ ಬೀಳಬಹುದು, ಅದರಿಂದ ನಾಣ್ಯ ಕಳ್ಳ ನಾಣ್ಯ ಎನ್ನಲಾಗುವುದಿಲ್ಲ. ಸಾವಿರ ಸಲ ಚಿಮ್ಮಿ ಏಳುನೂರು ಸಲ ರಾಜ ಬಿದ್ದರೆ ಮಾತ್ರ ಅನುಮಾನ ಪಡಬೇಕು. ಚಿಕಿತ್ಸೆಯೂ ಹಾಗೆಯೇ. ನೂರರಲ್ಲಿ ನಾಲ್ಕು ಜನಕ್ಕೆ ಹೆಚ್ಚು ಲಾಭ ಇದೆಯೇ ಎಂದು ನಂಬಿಕೆಯಿಂದ ಹೇಳಲು ಸಾವಿರಗಟ್ಟಲೆ ರೋಗಿಗಳು ಬೇಕು. ಅದಕ್ಕೇ ಹಲವು ಆಸ್ಪತ್ರೆಗಳು ಕೈಜೋಡಿಸಬೇಕು, ಒಂದೇ ನಿಯಮ, ಒಂದೇ ಫಾರಂ, ಒಂದೇ ಲೆಕ್ಕದ ಪುಸ್ತಕ ಇಟ್ಟುಕೊಳ್ಳಬೇಕು.

ಹಾಗೆ ನಡೆದದ್ದು ಸ್ತನ ಕ್ಯಾನ್ಸರಿನ ಲಿಡೊಕೇನ್ ಟ್ರಯಲ್. ಲಿಡೊಕೇನ್ ಎಂದರೆ ಹಲ್ಲು ಕೀಳುವ ಮುಂಚೆ ಒಸಡಿಗೆ ಚುಚ್ಚುವ ಅದೇ ಮರಗಟ್ಟಿಸುವ ಔಷಧಿ, ಎಲ್ಲ ಆಸ್ಪತ್ರೆಯಲ್ಲೂ ಇರುವಂಥದ್ದು. ಆಪರೇಶನ್ ಶುರುವಾಗುವ ಏಳರಿಂದ ಹತ್ತು ನಿಮಿಷ ಮುಂಚೆ ಗಡ್ಡೆಯ ಸುತ್ತ ಅದನ್ನು ಚುಚ್ಚಿದರೆ, ಕತ್ತರಿಸುವಾಗ ಕ್ಯಾನ್ಸರ್ ಕಣಗಳು ಹರಡುವುದು ಕಡಿಮೆಯಾಗಬಹುದೇ ಎಂಬುದು ಡಾ. ರಾಜೇಂದ್ರ ಬಡ್ವೆ ಮತ್ತು ಅವರ ಸಂಗಡಿಗರ ಪ್ರಶ್ನೆ. 2011ರಿಂದ 2022ರವರೆಗೆ, ಭಾರತದ 11 ಆಸ್ಪತ್ರೆಗಳು, 1,600 ಹೆಣ್ಣುಮಕ್ಕಳು. ಹಣ ಅಣುಶಕ್ತಿ ಇಲಾಖೆಯದು. ಐದು ವರ್ಷಗಳ ನಂತರ ಬದುಕಿದ್ದವರು ಇಂಜೆಕ್ಷನ್ ಇಲ್ಲದ ಗುಂಪಿನಲ್ಲಿ ನೂರಕ್ಕೆ 86.4, ಇಂಜೆಕ್ಷನ್ ಪಡೆದ ಗುಂಪಿನಲ್ಲಿ 90.1. ಒಂದೇ ಟ್ರಯಲ್ ಸಾಲದು, ಇನ್ನೊಂದು ಕಡೆಯೂ ಆಗಲಿ ಎನ್ನುವ ತಜ್ಞರಿದ್ದಾರೆ, ಅವರ ಮಾತೂ ಸರಿಯೇ. ಆದರೆ 11 ಆಸ್ಪತ್ರೆ ಸೇರಿಯೂ ರೋಗಿಗಳನ್ನು ಸೇರಿಸಲು ಹತ್ತು ವರ್ಷ ಹಿಡಿಯಿತು ನೋಡಿ. ಒಂದೇ ಆಸ್ಪತ್ರೆ ಎಂದಿದ್ದರೆ ಶುರು ಮಾಡಿದವರು ನಿವೃತ್ತರಾಗಿ ಮನೆಯಲ್ಲಿ ಕೂತಿರುತ್ತಿದ್ದರು.

ಈ ಕೈಜೋಡಿಸುವ ಕೆಲಸ ಸುಲಭವಾಗಲೆಂದೇ 2012ರಲ್ಲಿ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಎಂಬ ಒಕ್ಕೂಟ ಆಯಿತು. ಅಣುಶಕ್ತಿ ಇಲಾಖೆಯ ಹಣ, ಟಾಟಾ ಮೆಮೋರಿಯಲ್‌ನ ಉಸ್ತುವಾರಿ. ಈಗ 300ಕ್ಕೂ ಹೆಚ್ಚು ಸದಸ್ಯ ಸಂಸ್ಥೆಗಳಿವೆ. ಬೆಂಗಳೂರಿನ ಕಿದ್ವಾಯಿ, ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಹೈದರಾಬಾದಿನ ಎಂಎನ್‌ಜೆ, ದೆಹಲಿಯ ಏಮ್ಸ್ ಎಲ್ಲ ಇದರಲ್ಲಿವೆ. ಚಿಕಿತ್ಸೆಯ ಮಾರ್ಗಸೂಚಿ ಒಂದೇ ಮಾಡುವುದರ ಜೊತೆ, ಹಲವು ಕೇಂದ್ರಗಳು ಸೇರಿ ನಡೆಸುವ ಟ್ರಯಲ್‌ಗಳಿಗೆ ಹಣವನ್ನೂ ಕೊಡುತ್ತದೆ. ಹಾಗಾಗಿ ಈ ಲೇಖನ ಓದುತ್ತಿರುವ ನೀವು ಯಾವ ಊರಿನಲ್ಲಿದ್ದರೂ, ಇಂಥ ಕಾಗದ ಒಂದು ದಿನ ನಿಮ್ಮ ಮನೆಗೆ ಬರಬಹುದು.

ಹಣ ಯಾವುದಕ್ಕೆ ಹೋಗುತ್ತದೆ ಎಂದು ಕೇಳುತ್ತಾರೆ, ಔಷಧಿ ಅಗ್ಗದ್ದೇ ಅಲ್ಲವೇ ಎಂದು. ಖರ್ಚು ಔಷಧಿಯದಲ್ಲ, ಮನುಷ್ಯರದು. ಒಪ್ಪಿಗೆ ಪತ್ರವನ್ನು ಕೂತು ವಿವರಿಸುವ ನರ್ಸ್, ಪ್ರತಿ ರಿಪೋರ್ಟ್ ಬರೆದಿಡುವವರು, ವಿಮೆ, ಲೆಕ್ಕ ಹಾಕುವ ಸಂಖ್ಯಾಶಾಸ್ತ್ರಜ್ಞರು. ಎಲ್ಲಕ್ಕಿಂತ ಹೆಚ್ಚು, ಐದು ವರ್ಷ ರೋಗಿಯ ಬೆನ್ನು ಬಿಡದೆ "ಹೇಗಿದ್ದೀರಿ, ಚೆಕಪ್‌ಗೆ ಬನ್ನಿ" ಎಂದು ಫೋನ್ ಮಾಡುವವರು. ನಮ್ಮ ಜನ ಚಿಕಿತ್ಸೆ ಮುಗಿದ ಮೇಲೆ ಊರಿಗೆ ಹೋಗಿ ಸಿಮ್ ಬದಲಾಯಿಸಿಬಿಡುತ್ತಾರೆ. ನನ್ನ ಸ್ಟೆಂಟ್ ರೋಗಿಗಳೂ ಹಾಗೇ. ಹುಡುಕಲು ಆಳು ಬೇಕು, ಆಳಿಗೆ ಸಂಬಳ ಬೇಕು.

ಇಷ್ಟು ಖರ್ಚು ಮಾಡಿ ಏನು ಲಾಭ? ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿ ಇದೆ, ಪೂರ್ತಿ ಡೋಸ್ 240 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ. ಇದನ್ನು ಕೊಡಿಸಲು ಹೊಲ ಮಾರಿದವರನ್ನು ನಾನು ಬಲ್ಲೆ. ಟಾಟಾದ ವೈದ್ಯರು ಮುಂದುವರಿದ ಬಾಯಿ, ಗಂಟಲು ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧ ಜನಕ್ಕೆ ಮಾತ್ರೆಗಳ ಜೊತೆ ಬರೀ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ ಕೊಟ್ಟು ನೋಡಿದರು. ಒಂದು ವರ್ಷದ ನಂತರ ಬದುಕಿದ್ದವರು ಮಾತ್ರೆ ಮಾತ್ರ ಪಡೆದವರಲ್ಲಿ ನೂರಕ್ಕೆ 16.3, ಈ ಚಿಕ್ಕ ಡೋಸ್ ಸೇರಿಸಿದವರಲ್ಲಿ 43.4. ಚಿಕ್ಕ ಡೋಸ್ ಪೂರ್ತಿ ಡೋಸ್‌ಗೆ ಸಮ ಎಂದು ಇದರಿಂದ ಹೇಳಲು ಬರುವುದಿಲ್ಲ, ಅವೆರಡನ್ನು ಅಲ್ಲಿ ಹೋಲಿಸಲಿಲ್ಲ. ಆದರೆ ಪೂರ್ತಿ ಡೋಸ್ ಕೈಗೆ ಎಟುಕದ ಮನೆಗೆ ಹಿಂದೆ "ಏನೂ ಇಲ್ಲ" ಎನ್ನುತ್ತಿದ್ದೆವು. ಈಗ ಒಂದು ದಾರಿ ಇದೆ.

ಇನ್ನು ಭಯದ ವಿಚಾರ. "ಡಾಕ್ಟರ್‌ಗೇ ಗೊತ್ತಿಲ್ಲದೆ ಚೀಟಿ ಎತ್ತಿ ಚಿಕಿತ್ಸೆ ಕೊಡ್ತಾರಂತೆ" ಎಂದು ಚಿಂಚವಾಡದವರು ಹೆದರಿದ್ದರು. ಯಾವ ಗುಂಪು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುವುದು ನಿಜ. ಡಾಕ್ಟರಿಗೆ ಬಿಟ್ಟರೆ ಅವರು ಗಟ್ಟಿಯಾಗಿರುವ ರೋಗಿಗಳನ್ನು ತಮಗೆ ಇಷ್ಟವಾದ ಚಿಕಿತ್ಸೆಗೆ ಹಾಕಿಬಿಡುತ್ತಾರೆ, ಆಮೇಲೆ ಲೆಕ್ಕಕ್ಕೆ ಅರ್ಥವಿಲ್ಲ. ಡಾಕ್ಟರ ನಂಬಿಕೆಯೇ ಸಾಕು ಎನ್ನುವವರಿಗೆ ನಮ್ಮ ಹೃದಯ ವಿಭಾಗದ ಒಂದು ನಾಚಿಕೆಯ ಕತೆ ಹೇಳುತ್ತೇನೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಬಡಿತ ತಪ್ಪಿದರೆ ಸಾವಿನ ಅಪಾಯ ಹೆಚ್ಚು. ಬಡಿತ ಸರಿ ಮಾಡುವ ಮಾತ್ರೆಗಳು ಇದ್ದವು, ಕೊಟ್ಟರೆ ಇಸಿಜಿ ಅಂದವಾಗಿ ಕಾಣುತ್ತಿತ್ತು, ಎಲ್ಲರೂ ಬರೆದುಕೊಡುತ್ತಿದ್ದರು. ಅಮೆರಿಕದ ಸರ್ಕಾರಿ ಹಣದಲ್ಲಿ 'ಕ್ಯಾಸ್ಟ್' ಎಂಬ ಟ್ರಯಲ್ ಮಾಡಿ ನೋಡಿದಾಗ, ಎಂಕೈನೈಡ್ ಅಥವಾ ಫ್ಲೆಕೈನೈಡ್ ತೆಗೆದುಕೊಂಡ 755 ಜನರಲ್ಲಿ 63 ಸಾವು, ಸುಳ್ಳು ಮಾತ್ರೆ ತೆಗೆದುಕೊಂಡ 743 ಜನರಲ್ಲಿ 26. 1989ರಲ್ಲಿ ಆ ಮಾತ್ರೆಗಳನ್ನು ಅಲ್ಲಿಗೇ ನಿಲ್ಲಿಸಿದರು. ಟ್ರಯಲ್ ಇಲ್ಲದೆ ಇದ್ದಿದ್ದರೆ ನಾವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಜನರನ್ನು ಸಾಯಿಸುತ್ತಿದ್ದೆವು. ಟ್ರಯಲ್ ಒಳಗಿದ್ದರೆ ಯಾರೋ ಲೆಕ್ಕ ಇಡುತ್ತಿರುತ್ತಾರೆ. ಹೊರಗೆ ಡಾಕ್ಟರ ಅಭ್ಯಾಸದ ಮೇಲೆ ಕೊಡುವ ಚಿಕಿತ್ಸೆಗೆ ಎಷ್ಟೋ ಸಲ ಲೆಕ್ಕವೇ ಇರುವುದಿಲ್ಲ.

ಸಾರ್ವಜನಿಕ ಹಣ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಿ ಎಂದೂ ಹೇಳುವುದಿಲ್ಲ. ಮುಂಬೈಯ ಕೊಳೆಗೇರಿಗಳಲ್ಲಿ 1998ರಿಂದ ಸುಮಾರು ಒಂದೂವರೆ ಲಕ್ಷ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಗರ್ಭಕೊರಳ ಕ್ಯಾನ್ಸರಿನ ದೊಡ್ಡ ಟ್ರಯಲ್ ನಡೆಯಿತು. ವಿನೆಗರ್ ಹಚ್ಚಿ ನೋಡುವ ಸರಳ ಪರೀಕ್ಷೆ, ಅಮೆರಿಕದ ಸರ್ಕಾರಿ ಹಣ. ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು 31 ಶೇಕಡಾ ಕಡಿಮೆಯಾಯಿತು. ತುಂಬಾ ಉಪಯೋಗದ ಫಲಿತಾಂಶ. ಆದರೆ ಇನ್ನೊಂದು ಗುಂಪಿನ ಹೆಣ್ಣುಮಕ್ಕಳಿಗೆ ವರ್ಷಗಟ್ಟಲೆ ತಿಳಿವಳಿಕೆಯ ಮಾತು ಮಾತ್ರ ಸಿಕ್ಕಿತು, ಪರೀಕ್ಷೆ ಸಿಗಲಿಲ್ಲ. ದೇಶದಲ್ಲಿ ಆಗ ಯಾರಿಗೂ ಪರೀಕ್ಷೆ ಆಗುತ್ತಿರಲಿಲ್ಲ, ಹಾಗಾಗಿ ಅನ್ಯಾಯವಿಲ್ಲ ಎಂದು ನಡೆಸಿದವರ ವಾದ. ಒಪ್ಪಿಗೆ ಪಡೆಯುವಾಗ ಪೂರ್ತಿ ಮಾಹಿತಿ ಕೊಡಲಿಲ್ಲ, ಪರೀಕ್ಷೆ ಉಪಯುಕ್ತ ಎಂದು ಗೊತ್ತಿದ್ದೂ ಅರ್ಧ ಜನರನ್ನು ಹಾಗೇ ಬಿಟ್ಟರು ಎಂದು ಟೀಕಾಕಾರರ ವಾದ. ನನ್ನ ಮನಸ್ಸು ಟೀಕಾಕಾರರ ಕಡೆಗೇ ಹೆಚ್ಚು ವಾಲುತ್ತದೆ.

ಅದಕ್ಕೇ ಕಾಗದ ಓದಬೇಕು, ಕೇಳಬೇಕು. ಚಿಂಚವಾಡದವರಿಗೆ ನಾನು ಹೇಳಿದ್ದು ಇಷ್ಟು. ಮೊದಲು, ಟ್ರಯಲ್‌ಗೆ ಸೇರದಿದ್ದರೆ ಅವ್ವನಿಗೆ ಯಾವ ಚಿಕಿತ್ಸೆ ಸಿಗುತ್ತಿತ್ತು ಎಂದು ಕೇಳಿ, ಟ್ರಯಲ್‌ನ ಎರಡೂ ಗುಂಪಿಗೆ ಕನಿಷ್ಠ ಅಷ್ಟಾದರೂ ಸಿಗುತ್ತದೆಯೇ ನೋಡಿ. ಒಪ್ಪುವ ಚಿಕಿತ್ಸೆ ಇರುವ ಕ್ಯಾನ್ಸರಿನಲ್ಲಿ ಬರೀ ಸುಳ್ಳು ಮಾತ್ರೆ ಕೊಟ್ಟು ಕೂರಿಸುವುದು ಸರಿಯಲ್ಲ. ಹೆಚ್ಚಿನ ಸ್ಕ್ಯಾನ್, ರಕ್ತಪರೀಕ್ಷೆ ಇದ್ದರೆ ಅದರ ದುಡ್ಡು ಯಾರು ಕೊಡುತ್ತಾರೆ, ಪುಣೆಯಿಂದ ಮುಂಬೈಗೆ ಹೋಗಿ ಬರುವ ಖರ್ಚು ಸಿಗುತ್ತದೆಯೇ ಕೇಳಿ, ಸಂಕೋಚ ಬೇಡ. ಟ್ರಯಲ್‌ಗೆ ಹಣ ಯಾರದು ಎಂದು ಕಾಗದದಲ್ಲೇ ಬರೆದಿರಬೇಕು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಮತ್ತು ಅವರ ಫೋನ್ ನಂಬರ್ ಇರಬೇಕು. ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯ ನಂಬರ್ ಇರುತ್ತದೆ, ಅದನ್ನು ಮೊಬೈಲ್‌ನಲ್ಲಿ ಹಾಕಿದರೆ ಟ್ರಯಲ್‌ನ ವಿವರವೆಲ್ಲ ಬರುತ್ತದೆ, ಯಾರು ಬೇಕಾದರೂ ನೋಡಬಹುದು. ಟ್ರಯಲ್‌ನಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕೆಂಬ ನಿಯಮ ಇದೆ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ನಿಲ್ಲಿಸುತ್ತೇವೆ ಎಂದು ಯಾರಾದರೂ ಹೆದರಿಸಿದರೆ ಎಥಿಕ್ಸ್ ಕಮಿಟಿಗೆ ಫೋನ್ ಮಾಡಿ.

ಇನ್ನೊಂದು ಮಾತು, ನಮ್ಮಂಥ ಪರಊರಿನವರಿಗೆ. ಕಾಗದ ಮರಾಠಿಯಲ್ಲೋ ಹಿಂದಿಯಲ್ಲೋ ತಮಿಳಿನಲ್ಲೋ ಇರುತ್ತದೆ. ಊರಿಂದ ಬಂದ ತಾಯಿಗೆ ಅದು ಬರುವುದಿಲ್ಲ, ಮಗ ಓದಿ ಎರಡು ಮಾತಿನಲ್ಲಿ ಮುಗಿಸುತ್ತಾನೆ, ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ. ಇದು ಒಪ್ಪಿಗೆಯಲ್ಲ. ಕನ್ನಡದ ಪ್ರತಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಸಾಕ್ಷಿಯ ಎದುರು ಕನ್ನಡದಲ್ಲಿ ಪೂರ್ತಿ ವಿವರಿಸಲು ಹೇಳಿ. ರೋಗ ಇರುವುದು ತಾಯಿಗೆ, ಪ್ರಶ್ನೆ ಕೇಳುವ ಹಕ್ಕೂ ತಾಯಿಯದೇ.

ಅಂದಹಾಗೆ ಆಸ್ಪಿರಿನ್ ಕ್ಯಾನ್ಸರ್ ತಡೆಯುತ್ತದೆ ಎಂಬ ಫಾರ್ವರ್ಡ್ ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತಿದೆ, ಹೃದಯದ ಮಾತ್ರೆ ಎಂದು ನನ್ನನ್ನೇ ಕೇಳುತ್ತಾರೆ. ಅಮೆರಿಕದ ಸರ್ಕಾರಿ ಹಣದಲ್ಲಿ ಸ್ತನ ಕ್ಯಾನ್ಸರಿನ 3,020 ಜನರಲ್ಲಿ ನೋಡಿದರು, ಲಾಭ ಇರಲಿಲ್ಲ. ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡ್ ಸೇರಿ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ, ಅದೂ ಒಂದು ನಿರ್ದಿಷ್ಟ ಜೀನ್ ಬದಲಾವಣೆ ಇದ್ದವರಲ್ಲಿ ನೋಡಿದರು, 2025ರಲ್ಲಿ ಪ್ರಕಟವಾಯಿತು, ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು. ಒಂದೇ ಮಾತ್ರೆ, ಎರಡು ಉತ್ತರ. ಭಾರತವೂ ಸೇರಿರುವ ಬ್ರಿಟನ್ನಿನ ಇನ್ನೊಂದು ದೊಡ್ಡ ಟ್ರಯಲ್ ಸಾವಿರಾರು ಜನರಲ್ಲಿ ಇದನ್ನೇ ಕೇಳುತ್ತಿದೆ. ನಿಮ್ಮಷ್ಟಕ್ಕೆ ನೀವೇ ಆಸ್ಪಿರಿನ್ ಶುರು ಮಾಡಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ಬಂದವರನ್ನು ನಾನು ನೋಡುತ್ತಲೇ ಇದ್ದೇನೆ.

ಚಿಂಚವಾಡದವರು ಮುಂದಿನ ಮಂಗಳವಾರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಮುಂಬೈಗೆ ಹೋದರು. ಅಲ್ಲಿನ ರಿಸರ್ಚ್ ನರ್ಸ್ ಬಾಗಲಕೋಟೆ ಕಡೆಯವರಂತೆ, ಮುಕ್ಕಾಲು ಗಂಟೆ ಕೂತು ಅವ್ವನಿಗೇ ಎಲ್ಲ ಹೇಳಿದರಂತೆ. ಅವ್ವ ಎರಡೇ ಪ್ರಶ್ನೆ ಕೇಳಿದರಂತೆ: ಕೂದಲು ಎರಡೂ ಕಡೆ ಹೋಗ್ತಾವೇನು, ಮತ್ತು ಸೀಗಿ ಹುಣ್ಣಿಮೆಗೆ ಊರಿಗೆ ಹೋಗಬಹುದೇನು. ಆಮೇಲೆ ತಾವೇ ಪೆನ್ನು ತೆಗೆದುಕೊಂಡು ಸಹಿ ಮಾಡಿದರು. ಕಂಪ್ಯೂಟರ್ ಅವರನ್ನು ಮಾಮೂಲಿ ಚಿಕಿತ್ಸೆಯ ಗುಂಪಿಗೆ ಹಾಕಿತು. ಮಗನಿಗೆ ಬೇಜಾರು, "ಹೊಸಾದು ಸಿಗಲಿಲ್ಲಲ್ರಿ" ಎಂದು ಫೋನ್ ಮಾಡಿದ. ಅದು ಮೇಲೋ ಇದು ಮೇಲೋ ಎಂದು ಗೊತ್ತಿದ್ದರೆ ಟ್ರಯಲ್ಲೇ ಬೇಕಿರಲಿಲ್ಲವಲ್ಲಪ್ಪ ಎಂದೆ. ಮೊದಲ ಕೀಮೋ ಆಗಿದೆ. ಎಕೋ ನಾನೇ ಮಾಡಿದೆ, ಹೃದಯ ಚೆನ್ನಾಗಿದೆ.

ಕೀಮೋ ಶುರು ಮಾಡುವ ಮುಂಚೆ ಎಕೋ ಯಾರು ಯಾರು ಮಾಡಿಸಬೇಕು ಎಂಬುದನ್ನು ಮುಂದಿನ ಲೇಖನದಲ್ಲಿ ಬರೆಯುತ್ತೇನೆ.